ಅಜ್ಜನ ಕೊಳವೆಗಳು

ಎಸ್ಕಿಲ್ಡ್ ಅಜ್ಜ,
ನಿನ್ನ ನಕ್ಷೆ ತಪ್ಪು.

ಪ್ರಾರ್ಥನೆ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ
ಮೀನಿನ ಮುಳ್ಳಿನ ಹಾಗೆ ಬರೆದಿಟ್ಟಿದ್ದೆ:
ನಡುವೆ ಒಂದು ಬೆನ್ನೆಲುಬು,
ಆಚೆ ಈಚೆ ಸೇರಿ ಹದಿನಾಲ್ಕು ಪಕ್ಕೆಲುಬು.
ತಗ್ಗಿನ ಹುಲ್ಲುಗಾವಲ ಕೆಳಗೆ ಹೂತದ್ದು ಇಷ್ಟೇ ಅಂದಿದ್ದೆ.
ಮೂರು ದಿನ ಕಬ್ಬಿಣದ ಸರಳು ಚುಚ್ಚಿ ಚುಚ್ಚಿ ಹುಡುಕಿದೆವು,
ನಾನು, ಮತ್ತೆ ನೀರಿನ ಇಲಾಖೆಯ ಮಾಯ್‌ಬ್ರಿಟ್.
ಹತ್ತೊಂಬತ್ತು ಸಿಕ್ಕವು.
ಐದನ್ನು ಯಾರಿಗೂ ಹೇಳದೆ ಹಾಕಿದ್ದೀಯೆ, ಕಳ್ಳ,
ಅದರಲ್ಲೊಂದು ಪಕ್ಕದವರ ಬೇಲಿಯನ್ನೂ ದಾಟಿದೆ.

ಯುಟ್‌ಲ್ಯಾಂಡಿನ ಚಳಿಗಾಲ, ಸೊಂಟದ ತನಕ ಕೆಸರು,
ಅಡಿಯುದ್ದದ ಸುಟ್ಟ ಮಣ್ಣಿನ ಕೊಳವೆಗಳನ್ನು
ಒಂದರ ಮೂತಿಗೆ ಇನ್ನೊಂದನ್ನಿಟ್ಟು
ಎರಡು ಮೈಲಿ ಜೋಡಿಸಿದೆಯಂತೆ.
ಜೌಗನ್ನು ಗೆದ್ದವನೆಂದು ಸಂಘದವರು ಬೆಳ್ಳಿ ಚಮಚ ಕೊಟ್ಟರು.
ನನ್ನ ಮೊದಲ ಗಂಜಿ ಆ ಚಮಚದ್ದೇ.
ನಿನ್ನದು ತಪ್ಪು ಅನ್ನುವ ಬಾಯಿ ನನಗಿಲ್ಲ,
ಆ ಬಾಯನ್ನು ಸಾಕಿದ್ದೂ
ಒಣಗಿದ ಆ ನೆಲದ ಬಾರ್ಲಿಯೇ.

ನೀನು ಹೋದ ಮೇಲೆ ನಾನು ಸುರಿದೆ.
ನಾನೂರ ಅರವತ್ತು ಹಂದಿಗಳ ಗಂಜಲ, ಸಗಣಿ,
ಅದು ಸಾಲದೆಂದು ಚೀಲದ ಬಿಳಿ ಕಾಳು,
ಇರಲಿ ಅಂತ ಇನ್ನೊಂದು ಹಿಡಿ.
ಬೆಳೆ ಉಂಡಷ್ಟು ಉಂಡಿತು.
ಮಿಕ್ಕಿದ್ದು ಮಳೆಯ ಕೈ ಹಿಡಿದು ಕೆಳಗಿಳಿದು
ನಿನ್ನ ಕೊಳವೆಗಳಲ್ಲಿ ಸದ್ದಿಲ್ಲದೆ ನಡೆದು
ಹಳ್ಳಕ್ಕೆ, ಹಳ್ಳದಿಂದ ಕೊಲ್ಲಿಗೆ.
ಹೋಯಿತಲ್ಲ, ನಮಗೇನು, ಅಂದುಕೊಂಡೆವು.
ನೀರು ಹೋಗುವುದನ್ನು ನೋಡಿದ್ದೆವು,
ತಲುಪುವುದನ್ನು ನೋಡಿರಲಿಲ್ಲ.

ಆ ಆಗಸ್ಟಿನಲ್ಲಿ ಗಾಳಿಯೇ ಬೀಸಲಿಲ್ಲ.
ಥೋರ್ಕಿಲ್ ಬಂದು ಅಡುಗೆಮನೆಯ ಮೆಟ್ಟಿಲ ಮೇಲೆ
ಒಂದು ಬಕೆಟ್ ಇಟ್ಟ. ಬೈಯಲಿಲ್ಲ. ಟೋಪಿಯನ್ನೂ ತೆಗೆಯಲಿಲ್ಲ.
ಬಕೆಟ್ಟಿನ ತುಂಬ ಹಾವುಮೀನು,
ಉಸಿರಿಗಾಗಿ ದಡಕ್ಕೆ ಬಂದು
ದಡದಲ್ಲೇ ಸತ್ತವು.
ಕೊಲ್ಲಿಯ ತಳದಲ್ಲಿ ಬೆಳ್ಳಗೆ ಏನೋ ಹಾಸಿದೆಯಂತೆ.
ಇಲ್ಲಿಯವರು ಅದಕ್ಕೆ ಹೆಣದ ಬಟ್ಟೆ ಅನ್ನುತ್ತಾರೆ.
ವಾರ ಕಳೆದು ನಮ್ಮ ಬಾವಿಯ ಫಲಿತಾಂಶವೂ ಬಂತು.
ಬಣ್ಣವಿಲ್ಲ, ವಾಸನೆಯಿಲ್ಲ, ರುಚಿ ಅದೇ ರುಚಿ,
ಕಾಗದದಲ್ಲಿ ಮಾತ್ರ ಕೆಂಪು ಗೆರೆ.
ಮಗಳ ಕೂಸಿಗೆ ಹಾಲು ಕಲಸುತ್ತಿದ್ದದ್ದು
ಅದೇ ನೀರಲ್ಲಿ.

ಅಗೆದೆವು.
ಮೊದಲ ಕೊಳವೆ ಮೇಲೆ ಬಂದಾಗ
ಅದರ ಮೈಮೇಲೆ ಒಂದು ಹೆಬ್ಬೆಟ್ಟಿನ ಗುರುತು,
ಹಸಿಯಿದ್ದಾಗ ಒತ್ತಿ, ಹಾಗೇ ಸುಟ್ಟದ್ದು.
ನಿನ್ನದೇ ಅಂತ ಒಂದು ಗಳಿಗೆ ಎದೆ ಹಾರಿತು.
ನಿನ್ನದು ಹೇಗಾದೀತು,
ಇಟ್ಟಿಗೆ ಗೂಡಿನ ಯಾವನೋ ಕೂಲಿಯವನದು.
ಆದರೂ ಅದನ್ನು ಒಡೆಯಲು ಕೈ ಬರಲಿಲ್ಲ,
ಪಕ್ಕದ್ದನ್ನು ಒಡೆದೆ.

ಈಗ ನೀರು ಹೋಗುವುದಿಲ್ಲ. ಕೂತಿರುತ್ತದೆ.
ಜೊಂಡಿನ ಬುಡದಲ್ಲಿ ಕೂತು
ತಂದದ್ದನ್ನು ಕರಿ ಮಣ್ಣಿಗೆ ಒಪ್ಪಿಸುತ್ತದೆ ನಿಧಾನಕ್ಕೆ.
ಏಪ್ರಿಲಿನಲ್ಲಿ ಟ್ರ್ಯಾಕ್ಟರ್ ಅಚ್ಚಿನ ತನಕ ಹೂತು
ಎಳೆಯಲು ಬಂದವರು ಕೇಳಿದರು,
"ಏನು ಇಂಗೆಲಿಸೆ, ಹಂದಿ ಬಿಟ್ಟು ನೀರು ಸಾಕುತ್ತೀಯಾ?"
ಹೌದಪ್ಪ, ಅಂದೆ. ಇದು ಮೇವೂ ಕೇಳುವುದಿಲ್ಲ.

ಗೆದ್ದೆ ಅಂತ ಹೇಳಲಾರೆ.
ಮಾಯ್‌ಬ್ರಿಟ್‌ಳ ಸೀಸೆಯ ಲೆಕ್ಕ ಒಂದು ತಿಂಗಳು ಇಳಿದರೆ
ಇನ್ನೊಂದು ತಿಂಗಳು ಏರುತ್ತದೆ.
ಹಳೆಯ ಗೊಬ್ಬರ ಇನ್ನೂ ನೆಲದೊಳಗೆ ದಾರಿಯಲ್ಲಿದೆ,
ಬಾವಿಗೆ ಬಂದು ಮುಗಿಯಲು ಇಪ್ಪತ್ತು ವರ್ಷ ಆದೀತಂತೆ,
ಆಗ ಕೂಸಿಗೆ ಇಪ್ಪತ್ತೆರಡು.
ಥೋರ್ಕಿಲ್ ಇನ್ನೂ ಬಲೆ ಇಳಿಸಿಲ್ಲ.
ಬಕೆಟ್ ವಾಪಸು ಕೇಳಿಲ್ಲ.

ನಿನ್ನ ನಕ್ಷೆ ತಿದ್ದಿದ್ದೇನೆ, ಅಜ್ಜ.
ಐದು ಗೆರೆ ಸೇರಿಸಿ,
ನಾನು ಒಡೆದಲ್ಲೆಲ್ಲ ಒಂದೊಂದು ಸೊನ್ನೆ ಹಾಕಿ
ಅದೇ ಪುಸ್ತಕದಲ್ಲಿ ಇಟ್ಟಿದ್ದೇನೆ.
ಪೆನ್ಸಿಲಿನಲ್ಲೇ ಬರೆದೆ,
ನಿನ್ನ ಹಾಗೆ.